ಇಂಗ್ಲೆಂಡಿನ ರಾಜ, ಚರ್ಚು ಮತ್ತು ಅಮೆರಿಕದ ಮೊದಲ ವಸಾಹತುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹೆನ್ರಿಯ ಆರು ಮದುವೆ, ಎಲಿಜಬೆತ್ ಕಾಲದ ವೈಭವ, ಮೇಫ್ಲವರ್ ಹಡಗು, ಚಾರ್ಲ್ಸ್ ದೊರೆಯ ಶಿರಚ್ಛೇದ. ಇವೆಲ್ಲ ನಮ್ಮಲ್ಲಿ ಹೆಚ್ಚಿನವರಿಗೆ ಬಿಡಿ ಕಥೆಗಳಾಗಿಯೇ ಗೊತ್ತು. ಪರೀಕ್ಷೆಗೆ ಓದುವವರು ಒಂದು ತುದಿ ಹಿಡಿದು ಕೇಳುತ್ತಾರೆ, ವೆಬ್ ಸರಣಿ ನೋಡಿದವರು ಇನ್ನೊಂದು ತುದಿ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗಂತೂ ನವೆಂಬರ್ ಬಂತೆಂದರೆ ಮಕ್ಕಳ ಶಾಲೆಯ ಪಿಲ್‌ಗ್ರಿಮ್ ಪಾಠ. 1534ರಲ್ಲಿ ಇಂಗ್ಲೆಂಡಿನ ರಾಜ ಚರ್ಚಿಗೂ ಯಜಮಾನನಾದ. ಅಂದಿನಿಂದ, ಪ್ರಾರ್ಥನೆ ಹೇಗೆ ಮಾಡಬೇಕು ಎಂಬ ತಕರಾರು ರಾಜದ್ರೋಹದ ಅಂಚಿಗೆ ಬಂದು ನಿಂತಿತು. ಮುಂದಿನ ನೂರೈವತ್ತು ವರ್ಷಗಳ ಗಲಾಟೆಯ ಬಹುಪಾಲು ಹುಟ್ಟಿದ್ದು ಅಲ್ಲಿ, ಸಾಗರದಾಚೆಯ ವಸಾಹತುಗಳೂ ಸೇರಿ. ಕಾರಣ ಅದೊಂದೇ ಎಂದು ಮಾತ್ರ ಹೇಳಲಾರೆ. ದುಡ್ಡಿನ ಕಥೆಯೂ ಇದೆ.

ಎಂಟನೇ ಹೆನ್ರಿ ವಿಚ್ಛೇದನಕ್ಕಾಗಿ ಹೊಸ ಧರ್ಮವನ್ನೇ ಕಟ್ಟಿದನಂತೆ, ನಿಜವೆ?

ಅರ್ಧ ನಿಜ. ಅವನು ಕೇಳಿದ್ದು ವಿಚ್ಛೇದನವಲ್ಲ, "ಈ ಮದುವೆ ಆಗಿಯೇ ಇಲ್ಲ" ಎಂಬ ತೀರ್ಪು. ಅರಗಾನಿನ ಕ್ಯಾಥರೀನ್ ಮೊದಲು ಅವನ ಅಣ್ಣ ಆರ್ಥರನ ಹೆಂಡತಿ. ಆರ್ಥರ್ 1502ರಲ್ಲಿ ತೀರಿಕೊಂಡ. ಪೋಪನಿಂದ ವಿಶೇಷ ಅನುಮತಿ ಪಡೆದು 1509ರಲ್ಲಿ ಹೆನ್ರಿ ಅವಳನ್ನು ಮದುವೆಯಾದ. ಹುಟ್ಟಿದ ಮಕ್ಕಳಲ್ಲಿ ಉಳಿದದ್ದು 1516ರಲ್ಲಿ ಹುಟ್ಟಿದ ಮೇರಿ ಒಬ್ಬಳೇ. ಗಂಡು ಸಂತಾನವಿಲ್ಲದೆ ಟ್ಯೂಡರ್ ವಂಶ ನಿಲ್ಲುವುದಿಲ್ಲ ಎಂಬ ಭಯ, ಅಣ್ಣನ ಹೆಂಡತಿಯನ್ನು ಕೂಡಿದವನಿಗೆ ಮಕ್ಕಳಾಗುವುದಿಲ್ಲ ಎಂಬ ಬೈಬಲಿನ ವಾಕ್ಯ, ಆ್ಯನ್ ಬೊಲೀನ್ ಮೇಲಿನ ಮೋಹ ಎಲ್ಲ ಒಟ್ಟಿಗೆ ಸೇರಿದವು. ಹೊಸ ಧರ್ಮ ಕಟ್ಟುವ ಆಸೆ ಅವನಿಗೆ ಇದ್ದಂತೆ ಕಾಣುವುದಿಲ್ಲ. 1521ರಲ್ಲಿ ಪೋಪನನ್ನು ಧಿಕ್ಕರಿಸಿ ಪ್ರಾಟೆಸ್ಟಂಟ್ ಚಳವಳಿ ಶುರುಮಾಡಿದ ಮಾರ್ಟಿನ್ ಲೂಥರನ ವಿರುದ್ಧ ಪುಸ್ತಕ ಬರೆದು, ಪೋಪನಿಂದಲೇ "ಧರ್ಮರಕ್ಷಕ" ಎಂಬ ಬಿರುದು ಗಿಟ್ಟಿಸಿದ್ದವನು ಇವನು. ಇಂದಿಗೂ ಬ್ರಿಟಿಷ್ ನಾಣ್ಯದ ಮೇಲೆ ರಾಜನ ಹೆಸರಿನ ಜೊತೆ ಆ ಬಿರುದಿನ ಲ್ಯಾಟಿನ್ ರೂಪದ ಎಫ್ ಡಿ ಅಕ್ಷರಗಳು ಇವೆ.

ಪೋಪ್ ಒಪ್ಪಲಿಲ್ಲ ಯಾಕೆ? ರಾಜರಿಗೆ ಇಂಥ ರಿಯಾಯಿತಿ ಸಿಗುತ್ತಿತ್ತಲ್ಲ?

ಸಿಗುತ್ತಿತ್ತು. ಹೆನ್ರಿಯ ಗ್ರಹಚಾರ ನೋಡಿ: 1527ರಲ್ಲಿ ಐದನೇ ಚಾರ್ಲ್ಸ್ ಚಕ್ರವರ್ತಿಯ ಸೈನ್ಯ ರೋಮ್ ನಗರವನ್ನು ಲೂಟಿ ಮಾಡಿತು. ಪೋಪ್ ಏಳನೇ ಕ್ಲೆಮೆಂಟ್ ಅವನ ಹಿಡಿತಕ್ಕೆ ಸಿಕ್ಕಿದ. ಆ ಚಕ್ರವರ್ತಿ ಕ್ಯಾಥರೀನಳ ಸ್ವಂತ ಅಕ್ಕನ ಮಗ. ಚಿಕ್ಕಮ್ಮನ ಮದುವೆ ಮುರಿಯುವ ಕಾಗದಕ್ಕೆ ಪೋಪ್ ಸಹಿ ಹಾಕುವುದೆಂತು? ವರ್ಷಗಟ್ಟಲೆ ಎಳೆದ.

1533ರ ಜನವರಿಯಲ್ಲಿ ಹೆನ್ರಿ ಗುಟ್ಟಾಗಿ ಆ್ಯನ್‌ಳನ್ನು ಮದುವೆಯಾದ. ಇಂಗ್ಲೆಂಡಿನ ಮೊಕದ್ದಮೆ ರೋಮಿಗೆ ಮೇಲ್ಮನವಿ ಹೋಗಕೂಡದು ಎಂದು ಪಾರ್ಲಿಮೆಂಟ್ ಅದೇ ವರ್ಷ ಕಾಯ್ದೆ ಮಾಡಿತು. ಮೇ ತಿಂಗಳಲ್ಲಿ ಆರ್ಚ್‌ಬಿಷಪ್ ಕ್ರ್ಯಾನ್ಮರ್ ಹಳೆಯ ಮದುವೆಯನ್ನು ಅಸಿಂಧುಗೊಳಿಸಿದ. ಮರುವರ್ಷದ ಕಾಯ್ದೆಯಲ್ಲಿ ರಾಜನೇ ಇಂಗ್ಲೆಂಡಿನ ಚರ್ಚಿನ ಪರಮೋಚ್ಚ ಮುಖ್ಯಸ್ಥ. ಇದಕ್ಕೆ ತಲೆಬಾಗದ ಬಿಷಪ್ ಜಾನ್ ಫಿಶರ್ ಮತ್ತು ಮಾಜಿ ಚಾನ್ಸಲರ್ ಥಾಮಸ್ ಮೋರ್ 1535ರ ಜೂನ್-ಜುಲೈನಲ್ಲಿ ತಲೆ ಕಳೆದುಕೊಂಡರು. ಇಷ್ಟೆಲ್ಲ ಮಾಡಿ ಆ್ಯನ್ ಹೆತ್ತದ್ದು ಹೆಣ್ಣು ಮಗು. ಆ ಮಗುವೇ ಮುಂದೆ ಮೊದಲನೇ ಎಲಿಜಬೆತ್.

ಅದಕ್ಕೂ ಮೊದಲು ರಾಜನಿಗೂ ಚರ್ಚಿಗೂ ಜಗಳ ಇರಲಿಲ್ಲವೆ?

ಧಾರಾಳ ಇತ್ತು. 597ರಲ್ಲಿ ಪೋಪ್ ಕಳಿಸಿದ ಅಗಸ್ಟೀನ್ ಕೆಂಟ್ ಪ್ರಾಂತಕ್ಕೆ ಬಂದು ಕ್ಯಾಂಟರ್‌ಬರಿಯಲ್ಲಿ ಪೀಠ ಸ್ಥಾಪಿಸಿದ ಮೇಲೆ, ಬಿಷಪ್‌ಗಳನ್ನು ನೇಮಿಸುವವರು ಯಾರು, ತಪ್ಪು ಮಾಡಿದ ಪಾದ್ರಿಯನ್ನು ಯಾವ ಕೋರ್ಟು ವಿಚಾರಿಸಬೇಕು ಎಂಬ ಜಗ್ಗಾಟ ನಿಂತದ್ದೇ ಇಲ್ಲ. ಎರಡನೇ ಹೆನ್ರಿಯ ನೈಟ್‌ಗಳು 1170ರ ಡಿಸೆಂಬರ್ 29ರಂದು ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನನ್ನು ಅವನ ಕ್ಯಾಥೆಡ್ರಲ್ ಒಳಗೇ ಕಡಿದರು. ಆದರೆ ಆಗ ಸೋತದ್ದು ರಾಜ: ಬೆಕೆಟ್‌ನ ಸಮಾಧಿಗೆ ಬರಿಗಾಲಲ್ಲಿ ನಡೆದುಹೋಗಿ ಚಡಿಯೇಟು ತಿಂದು ಪ್ರಾಯಶ್ಚಿತ್ತ ಮಾಡಿಕೊಂಡ. ಎಂಟನೇ ಹೆನ್ರಿ 1538ರಲ್ಲಿ ಅದೇ ಸಮಾಧಿಯನ್ನು ಒಡೆಸಿ ಅಲ್ಲಿನ ಚಿನ್ನವನ್ನು ಖಜಾನೆಗೆ ಸಾಗಿಸಿದ. ಅಧಿಕಾರ ಎಷ್ಟು ಕೈ ಬದಲಾಯಿಸಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಾದರೆ ಎಂಟನೇ ಹೆನ್ರಿ ಪ್ರಾಟೆಸ್ಟಂಟ್ ಆದನೆ?

ಇಲ್ಲ. ಪೋಪ್ ಬೇಡ, ಮಿಕ್ಕಿದ್ದೆಲ್ಲ ಹಳೆಯದೇ ಇರಲಿ ಎಂಬುದು ಹೆಚ್ಚುಕಡಿಮೆ ಅವನ ನಿಲುವು. ಇಂಗ್ಲಿಷ್ ಬೈಬಲ್ ಚರ್ಚಿನಲ್ಲಿ ಇಡಿಸಿದ ನಿಜ. ಆದರೆ 1539ರ ಆರು ಕಲಮುಗಳ ಕಾಯ್ದೆಯಲ್ಲಿ ಪಾದ್ರಿಗಳ ಬ್ರಹ್ಮಚರ್ಯದಂಥ ಕ್ಯಾಥೊಲಿಕ್ ಕಟ್ಟಳೆಗಳು ಹಾಗೆಯೇ ಉಳಿದವು.

1540ರ ಜುಲೈ 30ರಂದು ಲಂಡನ್ನಿನ ಸ್ಮಿತ್‌ಫೀಲ್ಡ್‌ನಲ್ಲಿ ಆರು ಜನರನ್ನು ಕೊಲ್ಲಿಸಿದ. ಪ್ರಾಟೆಸ್ಟಂಟ್ ಬೋಧನೆ ಮಾಡಿದ ಮೂವರು ಧರ್ಮವಿರೋಧಿಗಳೆಂದು ಜೀವಂತ ಸುಡಲ್ಪಟ್ಟರು. ಪೋಪನಿಗೆ ನಿಷ್ಠರಾದ ಮೂವರು ರಾಜದ್ರೋಹಿಗಳೆಂದು ನೇಣಿಗೇರಿ ತುಂಡಾದರು. ಅದೇ ದಿನ, ಅದೇ ಮೈದಾನ. ರಾಜ ಏನು ನಂಬುತ್ತಾನೋ ಪ್ರಜೆ ಅದನ್ನೇ ನಂಬಬೇಕು; ಎಡಕ್ಕೆ ವಾಲಿದರೂ ಸಾವು, ಬಲಕ್ಕೆ ವಾಲಿದರೂ ಸಾವು.

ಮಠಗಳನ್ನು ಮುಚ್ಚಿಸಿದ್ದರಿಂದ ಲಾಭ ಆದದ್ದು ಯಾರಿಗೆ?

ನನ್ನ ಪ್ರಕಾರ ಆರು ಮದುವೆಗಳಿಗಿಂತ ಮುಖ್ಯವಾದ ಪ್ರಶ್ನೆ ಇದು. 1536ರಿಂದ 1540ರೊಳಗೆ ಸುಮಾರು 800 ಸನ್ಯಾಸಿ ಮಠಗಳು ಬಾಗಿಲು ಹಾಕಿದವು. ಚಾವಣಿಯ ಸೀಸವನ್ನು ಸುಲಿದು ಕರಗಿಸಿದರು, ಗಂಟೆಗಳನ್ನು ಒಡೆದು ಮಾರಿದರು, ಪುಸ್ತಕಗಳು ಕಟ್ಟುಕಟ್ಟಾಗಿ ಚೆದುರಿದವು. ಗ್ಲಾಸ್ಟನ್‌ಬರಿ ಮಠದ ಮುದಿ ಮುಖ್ಯಸ್ಥ (ಅಬಟ್) ರಿಚರ್ಡ್ ವೈಟಿಂಗ್‌ನನ್ನು 1539ರ ನವೆಂಬರಿನಲ್ಲಿ ಊರ ಪಕ್ಕದ ಗುಡ್ಡದ ತುದಿಯಲ್ಲಿ ಗಲ್ಲಿಗೇರಿಸಿದರು. ಉತ್ತರದ ಜನ ಇದಕ್ಕೂ ಮೊದಲೇ, 1536ರಲ್ಲಿ, ದಂಗೆ ಎದ್ದಿದ್ದರು. ಅವರ ನಾಯಕ ರಾಬರ್ಟ್ ಆಸ್ಕ್‌ಗೆ ಕ್ಷಮೆಯ ಮಾತು ಕೊಟ್ಟು, ಮರುವರ್ಷ ಯಾರ್ಕ್ ನಗರದಲ್ಲಿ ನೇತುಹಾಕಿದರು.

ಜಮೀನು ರಾಜನ ಕೈಯಲ್ಲಿ ಉಳಿಯಲಿಲ್ಲ. ಫ್ರಾನ್ಸಿನ ಮೇಲಿನ ಯುದ್ಧಕ್ಕೆ ದುಡ್ಡು ಬೇಕಾಗಿ ಬಹುಪಾಲು ಮಾರಾಟವಾಯಿತು. ಕೊಂಡವರು ಊರೂರಿನ ಜಮೀನ್ದಾರರು, ವಕೀಲರು, ವರ್ತಕರು. ಇವರಿಗೆಲ್ಲ ಹಳೆಯ ಧರ್ಮ ಮರಳಿ ಬರುವುದು ಬೇಡವಾಯಿತು. ಬಂದರೆ ಭೂಮಿ ಹೋದೀತಲ್ಲ! ಮುಂದೆ ಮೇರಿ ರಾಣಿ ರೋಮಿನ ಜೊತೆ ರಾಜಿಯಾದಾಗಲೂ ಪಾರ್ಲಿಮೆಂಟ್ ಹಾಕಿದ ಷರತ್ತು ಒಂದೇ: ಮಠದ ಆಸ್ತಿ ಕೊಂಡವರನ್ನು ಮುಟ್ಟುವಂತಿಲ್ಲ. ಪೋಪನೂ ಒಪ್ಪಿಕೊಂಡ.

ಹೆನ್ರಿಯ ನಂತರ ಒಂದೇ ತಲೆಮಾರಿನಲ್ಲಿ ಧರ್ಮ ಮೂರು ಸಲ ಬದಲಾಯಿತಂತೆ?

ಹೌದು. ಹೆನ್ರಿಯ ಮುಂದಿನ ಹೆಂಡತಿಯ ಮಗ, ಒಂಬತ್ತು ವರ್ಷದ ಹುಡುಗ ಆರನೇ ಎಡ್ವರ್ಡ್ 1547ರಲ್ಲಿ ಪಟ್ಟಕ್ಕೆ ಬಂದ. ಆಡಳಿತ ನಡೆಸಿದವರು ಕಟ್ಟಾ ಪ್ರಾಟೆಸ್ಟಂಟರು. 1549ರಲ್ಲಿ ಲ್ಯಾಟಿನ್ ಪೂಜೆ ಹೋಗಿ ಇಂಗ್ಲಿಷ್ ಪ್ರಾರ್ಥನಾ ಪುಸ್ತಕ ಬಂತು. ಇಂಗ್ಲಿಷ್ ಬಾರದ ಕಾರ್ನ್‌ವಾಲ್ ಜನ ಇದರ ವಿರುದ್ಧ ದಂಗೆ ಎದ್ದು ಸಾವಿರಗಟ್ಟಲೆ ಸತ್ತರು. 1553ರಲ್ಲಿ ಬಂದ ಮೇರಿ ಎಲ್ಲವನ್ನೂ ತಿರುಗಿಸಿ ಕ್ಯಾಥೊಲಿಕ್ ಮಾಡಿದಳು, ಐದು ವರ್ಷದಲ್ಲಿ ಸುಮಾರು 280 ಪ್ರಾಟೆಸ್ಟಂಟರನ್ನು ಸುಡಿಸಿದಳು. ಅವರಲ್ಲಿ ಕ್ರ್ಯಾನ್ಮರನೂ ಒಬ್ಬ. ಜೀವಭಯದಿಂದ ತನ್ನ ನಂಬಿಕೆ ತಪ್ಪೆಂದು ಬರೆದುಕೊಟ್ಟಿದ್ದ ಅವನು, 1556ರ ಮಾರ್ಚ್ 21ರಂದು ಆಕ್ಸ್‌ಫರ್ಡಿನಲ್ಲಿ ಆ ಮಾತನ್ನು ಹಿಂತೆಗೆದುಕೊಂಡು, ಸಹಿ ಹಾಕಿದ ಬಲಗೈಯನ್ನೇ ಮೊದಲು ಬೆಂಕಿಗೆ ಚಾಚಿದ. ಅವಳಿಗೆ ಅಂಟಿದ "ರಕ್ತದ ಮೇರಿ" ಎಂಬ ಹೆಸರು ಗೆದ್ದವರು ಇಟ್ಟದ್ದು. ಅವಳ ತಂದೆಯ ಕೈಗೂ ರಕ್ತ ಕಡಿಮೆ ಮೆತ್ತಿರಲಿಲ್ಲ.

ಎಲಿಜಬೆತ್ ಇದನ್ನು ಹೇಗೆ ಬಗೆಹರಿಸಿದಳು?

1559ರ ಎರಡು ಕಾಯ್ದೆಗಳಿಂದ. ಒಂದರಲ್ಲಿ ರಾಣಿ ಚರ್ಚಿನ ಪರಮೋಚ್ಚ ಆಡಳಿತಾಧಿಕಾರಿ. ಹೆಣ್ಣು ಚರ್ಚಿನ ತಲೆಯಾಗುವುದು ಹೇಗೆಂದು ಗೊಣಗುವವರಿಗಾಗಿ ಪದವಿಯ ಹೆಸರನ್ನು ತುಸು ತಗ್ಗಿಸಲಾಯಿತು. ಇನ್ನೊಂದರಲ್ಲಿ ಎಲ್ಲರಿಗೂ ಒಂದೇ ಪ್ರಾರ್ಥನಾ ಪುಸ್ತಕ, ಭಾನುವಾರ ಚರ್ಚಿಗೆ ಬಾರದವರಿಗೆ 12 ಪೆನ್ಸ್ ದಂಡ. ಬೋಧನೆ ಪ್ರಾಟೆಸ್ಟಂಟ್, ಮೇಲಿನ ಏರ್ಪಾಡು ಮಾತ್ರ ಬಿಷಪ್, ನಿಲುವಂಗಿ, ಕ್ಯಾಥೆಡ್ರಲ್ ಎಂದು ಹಳೆಯದೇ. ಮನಸ್ಸಿನೊಳಗೆ ಏನಿದೆ ಎಂದು ಅವಳು ಕೆದಕಲಿಲ್ಲ, ಹೊರಗೆ ಬಂದು ಕೂತರೆ ಸಾಕಿತ್ತು.

1570ರಲ್ಲಿ ಪೋಪ್ ಐದನೇ ಪಯಸ್ ಅವಳನ್ನು ಬಹಿಷ್ಕರಿಸಿ, ಪ್ರಜೆಗಳು ಅವಳಿಗೆ ವಿಧೇಯರಾಗಬೇಕಿಲ್ಲ ಎಂದು ಆದೇಶ ಹೊರಡಿಸಿದ ಮೇಲೆ ಈ ಸಮಾಧಾನ ಕೆಟ್ಟಿತು. ಪ್ರತಿ ಕ್ಯಾಥೊಲಿಕನೂ ಶಂಕಿತ. ಗೈರುಹಾಜರಿಯ ದಂಡ 1581ರಲ್ಲಿ ತಿಂಗಳಿಗೆ 20 ಪೌಂಡ್‌ಗೆ ಏರಿತು. ಅವಳ ಆಳ್ವಿಕೆಯಲ್ಲಿ ನೂರಕ್ಕೂ ಹೆಚ್ಚು ಕ್ಯಾಥೊಲಿಕ್ ಪಾದ್ರಿಗಳು ಸತ್ತರು. ಯಾರ್ಕ್ ನಗರದ ಕಸಾಯಿಯೊಬ್ಬನ ಹೆಂಡತಿ ಮಾರ್ಗರೆಟ್ ಕ್ಲಿದರೋ ಪಾದ್ರಿಗಳಿಗೆ ಆಶ್ರಯ ಕೊಟ್ಟಳೆಂಬ ಆರೋಪ ಬಂತು. ವಿಚಾರಣೆ ನಡೆದರೆ ತನ್ನ ಮಕ್ಕಳೇ ಸಾಕ್ಷಿ ಹೇಳಬೇಕಾದೀತೆಂದು ಅವಳು ಕೋರ್ಟಿನಲ್ಲಿ ಬಾಯಿ ಬಿಡಲಿಲ್ಲ. 1586ರಲ್ಲಿ ಅವಳ ಮೇಲೆ ಬಾಗಿಲ ಹಲಗೆಯಿಟ್ಟು, ಅದರ ಮೇಲೆ ಕಲ್ಲು ಹೇರಿ ಕೊಂದರು.

ಪ್ಯೂರಿಟನ್ನರು ಎಂದರೆ ಯಾರು? ಪಿಲ್‌ಗ್ರಿಮ್‌ಗಳೂ ಅವರೇನಾ?

ಎಲಿಜಬೆತ್‌ಳ ಏರ್ಪಾಡು ಅರೆಬೆಂದದ್ದು, ಚರ್ಚಿನಲ್ಲಿ ಇನ್ನೂ ರೋಮಿನ ಕಸ ಉಳಿದಿದೆ ಎಂದವರು ಪ್ಯೂರಿಟನ್ನರು. ಮದುವೆಯಲ್ಲಿ ಉಂಗುರ ತೊಡಿಸುವುದು, ಶಿಲುಬೆ ಗುರುತು ಮಾಡುವುದು, ಪಾದ್ರಿಯ ಬಿಳಿ ನಿಲುವಂಗಿ ಯಾವುದೂ ಅವರಿಗೆ ಸೇರದು. ಹೆಚ್ಚಿನವರು ಚರ್ಚಿನೊಳಗೇ ಇದ್ದು ತಿದ್ದಬೇಕೆಂದವರು. ಸಣ್ಣದೊಂದು ಗುಂಪು ಮಾತ್ರ, ರಾಜನ ಚರ್ಚು ತಿದ್ದುವಂಥದ್ದಲ್ಲ, ಬಿಟ್ಟುಬಿಡೋಣ ಎಂದಿತು. ಇವರು ಸೆಪರಟಿಸ್ಟರು. ರಾಣಿ ಮುಖ್ಯಸ್ಥಳಾದ ಚರ್ಚನ್ನು ಬಿಡುವುದೆಂದರೆ ರಾಣಿಯನ್ನೇ ಧಿಕ್ಕರಿಸಿದಂತೆ; 1593ರಲ್ಲಿ ಬ್ಯಾರೋ, ಗ್ರೀನ್‌ವುಡ್, ಪೆನ್ರಿ ಎಂಬ ಮೂವರು ಇದಕ್ಕಾಗಿ ನೇಣಿಗೇರಿದರು. ಮೇಫ್ಲವರ್ ಹತ್ತಿದ ಧಾರ್ಮಿಕರು, ಅಂದರೆ ಪಿಲ್‌ಗ್ರಿಮ್‌ಗಳು, ಈ ಸಣ್ಣ ಗುಂಪಿನವರು. ಹತ್ತು ವರ್ಷದ ನಂತರ ಬಾಸ್ಟನ್ ಕಟ್ಟಿದವರು ಮೊದಲನೆಯ ದೊಡ್ಡ ಗುಂಪಿನವರು. ಪಠ್ಯಪುಸ್ತಕಗಳು ಇಬ್ಬರನ್ನೂ ಒಂದೇ ಚೀಲಕ್ಕೆ ತುಂಬುತ್ತವೆ.

ಅಮೆರಿಕದಲ್ಲಿ ಇಂಗ್ಲಿಷರ ಮೊದಲ ವಸಾಹತು ಯಾವುದು?

ಪ್ರಯತ್ನ ಎಂದರೆ ರೋನೋಕ್, ಉಳಿದದ್ದು ಎಂದರೆ ಜೇಮ್ಸ್‌ಟೌನ್. ವಾಲ್ಟರ್ ರಾಲಿಗೆ 1584ರಲ್ಲಿ ಎಲಿಜಬೆತ್ ಸನ್ನದು ಕೊಟ್ಟಳು. 1585ರ ಮೊದಲ ತಂಡ ವರ್ಷದೊಳಗೆ ವಾಪಸಾಯಿತು. 1587ರಲ್ಲಿ ಜಾನ್ ವೈಟ್ ನೇತೃತ್ವದಲ್ಲಿ ಹೆಂಗಸರು ಮಕ್ಕಳೂ ಸೇರಿ ಇಂದಿನ ನಾರ್ತ್ ಕ್ಯಾರೊಲಿನಾದ ರೋನೋಕ್ ದ್ವೀಪದಲ್ಲಿ ಇಳಿದರು. ಆ ಆಗಸ್ಟಿನಲ್ಲಿ ವೈಟ್‌ನ ಮೊಮ್ಮಗಳು ವರ್ಜೀನಿಯಾ ಡೇರ್ ಅಲ್ಲಿ ಹುಟ್ಟಿದಳು. ಸಾಮಾನು ತರಲು ಹೋದ ವೈಟ್, ಸ್ಪೇನಿನ ನೌಕಾದಂಡಿನ ಯುದ್ಧದಿಂದಾಗಿ 1590ರವರೆಗೆ ಮರಳಲಾಗಲಿಲ್ಲ. ಬಂದು ನೋಡಿದರೆ ಊರು ಖಾಲಿ, ಕಂಬದ ಮೇಲೆ ಕೆತ್ತಿದ "ಕ್ರೊಯಟೋನ್" ಎಂಬ ಒಂದು ಹೆಸರು. ಅದು ಪಕ್ಕದ ದ್ವೀಪದ ಹೆಸರು. ಬಿರುಗಾಳಿಯಿಂದಾಗಿ ಅಲ್ಲಿಗೆ ಹೋಗಿ ಹುಡುಕಲೂ ಆಗಲಿಲ್ಲ.

ಜೇಮ್ಸ್‌ಟೌನ್ ಕೂಡ ಧರ್ಮಕ್ಕಾಗಿ ಹುಟ್ಟಿದ್ದೆ?

ಅಲ್ಲ, ಅದು ಅಪ್ಪಟ ವ್ಯಾಪಾರ. ಎಲಿಜಬೆತ್ ನಂತರ ಪಟ್ಟಕ್ಕೆ ಬಂದ ಮೊದಲನೇ ಜೇಮ್ಸ್ 1606ರಲ್ಲಿ ವರ್ಜೀನಿಯಾ ಕಂಪನಿಗೆ ಸನ್ನದು ಕೊಟ್ಟ. ಮರುವರ್ಷದ ಮೇ 14ರಂದು 104 ಗಂಡಸರು ಮತ್ತು ಹುಡುಗರು ಜವುಗು ನೆಲದ ನದೀದಂಡೆಯಲ್ಲಿ ಬೀಡುಬಿಟ್ಟರು. ಚಿನ್ನ ಸಿಗಲಿಲ್ಲ. ಉಪ್ಪು ನೀರು, ಜ್ವರ, ಹಸಿವು ಸಿಕ್ಕವು. 1609-10ರ ಚಳಿಗಾಲದಲ್ಲಿ ಕುದುರೆ, ನಾಯಿ, ಇಲಿ, ಚಪ್ಪಲಿಯ ಚರ್ಮ ಎಲ್ಲ ತಿಂದರು. ನರಮಾಂಸವನ್ನೂ ತಿಂದದ್ದಕ್ಕೆ ಕೋಟೆಯೊಳಗೆ ಸಿಕ್ಕ, ಕತ್ತಿಯ ಗಾಯವಿದ್ದ ಹುಡುಗಿಯೊಬ್ಬಳ ತಲೆಬುರುಡೆಯನ್ನು ಪುರಾತತ್ವಜ್ಞರು 2013ರಲ್ಲಿ ಪುರಾವೆಯಾಗಿ ತೋರಿಸಿದರು. ವಸಂತಕಾಲಕ್ಕೆ ಕೋಟೆಯಲ್ಲಿ ಉಳಿದವರು 60ರ ಆಸುಪಾಸು.

ಅವರನ್ನು ಬದುಕಿಸಿದ್ದು ತಂಬಾಕು. 1612ರ ಸುಮಾರಿಗೆ ಜಾನ್ ರಾಲ್ಫ್ ಕೆರಿಬಿಯನ್ ಕಡೆಯ ಬೀಜ ಬಿತ್ತಿ ಒಳ್ಳೆಯ ಬೆಳೆ ತೆಗೆದ. ತಮಾಷೆಯೆಂದರೆ ಜೇಮ್ಸ್ ದೊರೆ 1604ರಲ್ಲೇ ತಂಬಾಕಿನ ಹೊಗೆಯನ್ನು ನರಕದ ಹೊಗೆಗೆ ಹೋಲಿಸಿ ಕಿರುಪುಸ್ತಕ ಬರೆದಿದ್ದ. ಅದರ ಸುಂಕ ಬರತೊಡಗಿದ ಮೇಲೆ ಬೈಗುಳ ತಗ್ಗಿತು. ಇದೇ ರಾಲ್ಫ್, ಅಲ್ಲಿನ ಮೂಲನಿವಾಸಿಗಳಾದ ಪೌಹಾಟನ್ ಜನರ ಮುಖ್ಯಸ್ಥನ ಮಗಳು ಪೊಕಹೊಂಟಸ್‌ಳನ್ನು 1614ರಲ್ಲಿ ಮದುವೆಯಾದ. ಅವಳು ಆಗ ಇಂಗ್ಲಿಷರ ಸೆರೆಯಲ್ಲಿದ್ದವಳು. ರೆಬೆಕಾ ಎಂದು ದೀಕ್ಷಾಸ್ನಾನವೂ ಆಗಿತ್ತು. 1617ರಲ್ಲಿ ಇಂಗ್ಲೆಂಡಿನ ಗ್ರೇವ್ಸೆಂಡ್‌ನಲ್ಲಿ ತೀರಿಕೊಂಡಳು.

1619ರ ಜುಲೈ ಕೊನೆಗೆ ಅಲ್ಲಿನ ಚರ್ಚು ಕಟ್ಟಡದಲ್ಲಿ ಚುನಾಯಿತ ಪ್ರತಿನಿಧಿಗಳ ಮೊದಲ ಸಭೆ ಸೇರಿತು. ಕೆಲವೇ ವಾರಗಳಲ್ಲಿ, ಪೋರ್ಚುಗೀಸ್ ಹಡಗಿನಿಂದ ಕಿತ್ತುಕೊಂಡು ತಂದ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರು ವರ್ಜೀನಿಯಾದಲ್ಲಿ ಮಾರಾಟವಾದರು. ಶಾಸನಸಭೆ ಮತ್ತು ಗುಲಾಮಗಿರಿ ಒಂದೇ ಬೇಸಿಗೆಯ ಬೆಳೆ.

ವ್ಯಾಪಾರದ ಊರಾದರೂ ರಾಜನ ಚರ್ಚಿನಿಂದ ಬಿಡುಗಡೆ ಇರಲಿಲ್ಲ. 1610ರ ದಶಕದ ಮೊದಲ ವರ್ಷಗಳ ಕಟ್ಟಳೆಯಂತೆ ಭಾನುವಾರದ ಪೂಜೆ ಮೂರನೇ ಸಲ ತಪ್ಪಿಸಿದವನಿಗೆ ಮರಣದಂಡನೆ ಎಂದೇ ಬರೆದಿತ್ತು.

ಮೇಫ್ಲವರ್‌ನಲ್ಲಿ ಹೋದವರೆಲ್ಲ ಧರ್ಮಕ್ಕಾಗಿ ಓಡಿಹೋದವರೆ?

ಹೆಚ್ಚುಕಡಿಮೆ ಅರ್ಧ ಜನ. ನಾಟಿಂಗ್‌ಹ್ಯಾಮ್‌ಶೈರಿನ ಸ್ಕ್ರೂಬಿ ಎಂಬ ಹಳ್ಳಿಯ ಸೆಪರಟಿಸ್ಟ್ ಗುಂಪು 1608ರ ಹೊತ್ತಿಗೆ ಹಾಲೆಂಡಿಗೆ ಹೋಗಿತ್ತು. ಲೈಡನ್ ನಗರದಲ್ಲಿ ಅವರನ್ನು ಯಾರೂ ಪೀಡಿಸಲಿಲ್ಲ. ನೇಯ್ಗೆಯಂಥ ಕೂಲಿಯಲ್ಲಿ ಮೈ ಸವೆಯುತ್ತಿತ್ತು, ಮಕ್ಕಳು ಡಚ್ಚರಾಗುತ್ತಿದ್ದರು, ಸ್ಪೇನಿನ ಜೊತೆ ಯುದ್ಧ ಮತ್ತೆ ಶುರುವಾಗುವುದರಲ್ಲಿತ್ತು. ಹಾಗಾಗಿ ಅಮೆರಿಕದ ಯೋಚನೆ. ದುಡ್ಡು ಹೂಡಿದವರು ಲಂಡನ್ನಿನ ವರ್ತಕರು. ಹಡಗು ತುಂಬಿಸಲು ಅವರು ಸೇರಿಸಿದ ಕಸುಬುದಾರರು, ಆಳುಗಳು ಮಿಕ್ಕ ಅರ್ಧ.

ಜೊತೆಗೆ ಹೊರಟ ಸ್ಪೀಡ್‌ವೆಲ್ ಹಡಗು ಎರಡು ಸಲ ಸೋರಿ ಹಿಂದೆ ಉಳಿಯಿತು. 1620ರ ಸೆಪ್ಟೆಂಬರ್ 6ರಂದು 102 ಪ್ರಯಾಣಿಕರ ಜೊತೆ ಮೇಫ್ಲವರ್ ಪ್ಲಿಮತ್ ಬಿಟ್ಟಿತು. ನಡುಸಮುದ್ರದಲ್ಲಿ ಮುಖ್ಯ ತೊಲೆ ಬಿರುಕುಬಿಟ್ಟಾಗ, ಹಾಲೆಂಡಿನಿಂದ ತಂದಿದ್ದ ದೊಡ್ಡ ಕಬ್ಬಿಣದ ತಿರುಪೊಂದರಿಂದ ಅದನ್ನು ಎತ್ತಿ ಕೂರಿಸಿದರು. ಜಾನ್ ಹೌಲ್ಯಾಂಡ್ ಎಂಬ ಆಳು ಅಲೆಗೆ ಸಿಕ್ಕಿ ಕಡಲಿಗೆ ಬಿದ್ದು, ಜೋತಾಡುತ್ತಿದ್ದ ಹಾಯಿಹಗ್ಗ ಹಿಡಿದು ಬದುಕಿಕೊಂಡ. ದಾರಿಯಲ್ಲಿ ಹುಟ್ಟಿದ ಕೂಸಿಗೆ ಓಷಿಯಾನಸ್ ಎಂದು ಹೆಸರಿಟ್ಟರು.

ಮುಟ್ಟಿದ್ದು ಕೇಪ್ ಕಾಡ್. ಅವರ ಪರವಾನಗಿ ಇದ್ದದ್ದು ವರ್ಜೀನಿಯಾದ ಉತ್ತರ ಭಾಗಕ್ಕೆ. "ಇಲ್ಲಿ ನಮ್ಮನ್ನು ಆಳುವ ಅಧಿಕಾರ ಯಾರಿಗೂ ಇಲ್ಲ" ಎಂದು ಕೆಲವರು ಗುರುಗುಟ್ಟಿದರು. ಅದನ್ನು ತಣಿಸಲು ನವೆಂಬರ್ 11ರಂದು ಹಡಗಿನಲ್ಲೇ 41 ಗಂಡಸರು ಒಪ್ಪಂದಕ್ಕೆ ಸಹಿ ಹಾಕಿದರು. ಪ್ರಜಾಪ್ರಭುತ್ವದ ಬೀಜ ಎಂದು ಹಾಡಿಹೊಗಳುವ ಆ ಕಾಗದದ ಮೊದಲ ಸಾಲಿನಲ್ಲಿ ಇರುವುದು ತಾವು ಜೇಮ್ಸ್ ದೊರೆಯ ನಿಷ್ಠ ಪ್ರಜೆಗಳು ಎಂಬ ಮಾತು. ರಾಜನ ಚರ್ಚು ಬೇಡ, ರಾಜ ಇರಲಿ. ಮೊದಲ ಚಳಿಗಾಲದಲ್ಲಿ ಅರ್ಧದಷ್ಟು ಜನ ಸತ್ತರು.

ಅಲ್ಲಿ ಮೊದಲೇ ಇದ್ದ ಜನರ ಗತಿ ಏನಾಯಿತು?

ಪ್ಲಿಮತ್ ಎಂದು ಅವರು ಕರೆದ ಜಾಗ ಪಟುಕ್ಸೆಟ್ ಎಂಬ ಊರಾಗಿತ್ತು. 1616ರಿಂದ 1619ರವರೆಗೆ ಯುರೋಪಿಯನ್ನರಿಂದ ಹಬ್ಬಿದ ಸಾಂಕ್ರಾಮಿಕದಲ್ಲಿ ಅದು ಪೂರ್ತಿ ಖಾಲಿಯಾಯಿತು. ಉಳುಮೆ ಮಾಡಿದ ಹೊಲ ಸಿದ್ಧವಿತ್ತು, ಉಳುವವರಿರಲಿಲ್ಲ. ಆ ಊರಿನವನಾದ ಟಿಸ್ಕ್ವಾಂಟಮ್‌ನನ್ನು 1614ರಲ್ಲಿ ಇಂಗ್ಲಿಷ್ ಕಪ್ತಾನನೊಬ್ಬ ಅಪಹರಿಸಿ ಸ್ಪೇನಿನ ಮಾಲಗದಲ್ಲಿ ಮಾರಲು ಒಯ್ದಿದ್ದ. ಹೇಗೋ ಇಂಗ್ಲೆಂಡ್ ಸೇರಿ, ಭಾಷೆ ಕಲಿತು, 1619ರಲ್ಲಿ ಮರಳಿ ಬಂದರೆ ತನ್ನವರು ಒಬ್ಬರೂ ಇಲ್ಲ. ಅವನೇ ಹೊಸಬರಿಗೆ ಮೀನುಗೊಬ್ಬರ ಹಾಕಿ ಮೆಕ್ಕೆಜೋಳ ಬೆಳೆಯಲು ಕಲಿಸಿದ.

ವಾಂಪನೋಗ್ ಮುಖ್ಯಸ್ಥ ಮಸಸೋಯಿಟ್ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡದ್ದು ಬರೀ ಔದಾರ್ಯದಿಂದ ಅಲ್ಲ. ಸಾಂಕ್ರಾಮಿಕ ತಟ್ಟದ ನೆರೆಯ ನ್ಯಾರಗ್ಯಾನ್ಸೆಟ್ಟರ ಎದುರು ಅವನಿಗೆ ಬಲ ಬೇಕಿತ್ತು. 1621ರ ಸುಗ್ಗಿಗೆ ಅವನು ಸುಮಾರು 90 ಜನರೊಡನೆ ಬಂದು, ಐದು ಜಿಂಕೆ ಬೇಟೆಯಾಡಿ ತಂದುಕೊಟ್ಟು, ಮೂರು ದಿನ ಊಟದಲ್ಲಿ ಭಾಗಿಯಾದ. ಮಕ್ಕಳ ಶಾಲೆಯ ಥ್ಯಾಂಕ್ಸ್‌ಗಿವಿಂಗ್ ಪಾಠ ಇಲ್ಲಿಗೆ ನಿಲ್ಲುತ್ತದೆ. ಮಸಸೋಯಿಟ್‌ನ ಮಗ ಮೆಟಕಾಮ್ 1675ರಲ್ಲಿ ವಸಾಹತುಗಳ ಮೇಲೆ ಯುದ್ಧಕ್ಕೆ ಎದ್ದ. ಮರುವರ್ಷ ಅವನನ್ನು ಕೊಂದು ತಲೆಯನ್ನು ಅದೇ ಪ್ಲಿಮತ್ ಊರಿನಲ್ಲಿ ಕಂಬಕ್ಕೆ ಸಿಕ್ಕಿಸಿದರು. ಅದು ವರ್ಷಗಟ್ಟಲೆ ಅಲ್ಲೇ ಇತ್ತು. ಆ ಪಾಠವನ್ನು ಇಲ್ಲಿಯವರೆಗೂ ಹೇಳಬೇಕು.

ಪ್ಲಿಮತ್ ಮತ್ತು ಮ್ಯಾಸಚೂಸೆಟ್ಸ್ ಬೇರೆಬೇರೆಯೆ?

1691ರವರೆಗೆ ಬೇರೆ. ಪ್ಲಿಮತ್ ಸಣ್ಣದು, ಬಡದು. 1625ರಲ್ಲಿ ಪಟ್ಟಕ್ಕೆ ಬಂದ ಮೊದಲನೇ ಚಾರ್ಲ್ಸ್ ಮತ್ತು 1633ರಲ್ಲಿ ಆರ್ಚ್‌ಬಿಷಪ್ ಆದ ವಿಲಿಯಂ ಲಾಡ್ ಪ್ಯೂರಿಟನ್ನರನ್ನು ಹಿಂಡಿದ್ದರಿಂದ 1630ರ ದಶಕದಲ್ಲಿ ಸುಮಾರು 20,000 ಜನ ಅಮೆರಿಕದ ಆ ಈಶಾನ್ಯ ಸೀಮೆಗೆ, ಅಂದರೆ ನ್ಯೂ ಇಂಗ್ಲೆಂಡಿಗೆ, ಹೊರಟರು. ಇವರಲ್ಲಿ ವಕೀಲರು, ಪದವೀಧರ ಪಾದ್ರಿಗಳು, ಅನುಕೂಲಸ್ಥ ರೈತರು ಇದ್ದರು. 1636ರಲ್ಲೇ ಹಾರ್ವರ್ಡ್ ಕಾಲೇಜು ಸ್ಥಾಪಿಸಿದರು.

ಇವರ ಒಂದು ಚಾಲಾಕಿತನ ನನಗೆ ಬಹಳ ಇಷ್ಟ. 1629ರ ಸನ್ನದಿನಲ್ಲಿ ಮ್ಯಾಸಚೂಸೆಟ್ಸ್ ಕಂಪನಿಯ ಸಭೆ ಇಂಥ ಊರಲ್ಲೇ ಸೇರಬೇಕು ಎಂಬ ಸಾಲು ಇರಲಿಲ್ಲ. ಜಾನ್ ವಿಂತ್ರಾಪ್ ಮತ್ತು ಸಂಗಡಿಗರು 1630ರಲ್ಲಿ ಸನ್ನದನ್ನೇ ಪೆಟ್ಟಿಗೆಯಲ್ಲಿಟ್ಟು ಹಡಗು ಹತ್ತಿಸಿಬಿಟ್ಟರು. ಲಂಡನ್ನಿನ ವ್ಯಾಪಾರಿ ಕಂಪನಿಯ ಷೇರುದಾರರ ಸಭೆ ಹೀಗೆ ಬಾಸ್ಟನ್ನಿನ ಸರ್ಕಾರವಾಯಿತು. 1684ರಲ್ಲಿ ಅದನ್ನು ರದ್ದುಪಡಿಸುವವರೆಗೆ ರಾಜರಿಗೆ ಇವರು ಸರಿಯಾಗಿ ಕೈಗೆ ಸಿಗಲಿಲ್ಲ.

ಅಲ್ಲಿ ಧಾರ್ಮಿಕ ಸ್ವಾತಂತ್ರ್ಯ ಇತ್ತಲ್ಲವೆ?

ಅವರಿಗಿತ್ತು. ಬೇರೆಯವರಿಗೆ ಕೊಡಲಿಲ್ಲ. 1631ರಿಂದ ಮತದಾನದ ಹಕ್ಕು ಚರ್ಚಿನ ಸದಸ್ಯರಿಗೆ ಮಾತ್ರ. ಸರ್ಕಾರಕ್ಕೆ ಮನಸ್ಸಾಕ್ಷಿಯ ಮೇಲೆ ಅಧಿಕಾರವಿಲ್ಲ, ಮೂಲನಿವಾಸಿಗಳ ಭೂಮಿಯನ್ನು ದಾನ ಮಾಡಲು ರಾಜ ಯಾರು ಎಂದು ಕೇಳಿದ ರಾಜರ್ ವಿಲಿಯಮ್ಸ್‌ನನ್ನು ಹೊರಹಾಕಿದರು. ಅವನು 1636ರಲ್ಲಿ ನ್ಯಾರಗ್ಯಾನ್ಸೆಟ್ಟರಿಂದ ಜಾಗ ಪಡೆದು ಪ್ರಾವಿಡೆನ್ಸ್ ಊರು ಕಟ್ಟಿದ. ಮನೆಯಲ್ಲಿ ಬೈಬಲ್ ಚರ್ಚೆ ನಡೆಸಿ ಪಾದ್ರಿಗಳನ್ನೇ ಪ್ರಶ್ನಿಸಿದ ಆ್ಯನ್ ಹಚಿನ್ಸನ್‌ಗೂ ಗಡಿಪಾರು. ಕ್ವೇಕರ್ ಪಂಥದ ಮೇರಿ ಡೈಯರ್ ನಿಷೇಧ ಮುರಿದು ಮತ್ತೆ ಮತ್ತೆ ಬಾಸ್ಟನ್ನಿಗೆ ಬಂದದ್ದಕ್ಕೆ 1660ರ ಜೂನ್ 1ರಂದು ನೇಣು. ಕ್ರಿಸ್ಮಸ್ ಆಚರಿಸಿದರೆ ಐದು ಶಿಲಿಂಗ್ ದಂಡ ಎಂಬ ಕಾನೂನು 1659ರಿಂದ 1681ರವರೆಗೆ ಇತ್ತು.

ಇತ್ತ ಕ್ಯಾಥೊಲಿಕ್ ಕ್ಯಾಲ್ವರ್ಟ್ ಕುಟುಂಬದ ಮೇರಿಲ್ಯಾಂಡ್ 1649ರಲ್ಲಿ ಕ್ರೈಸ್ತರ ಮಟ್ಟಿಗೆ ಸಹಿಷ್ಣುತೆಯ ಕಾಯ್ದೆ ಮಾಡಿತು. ರೋಡ್ ಐಲೆಂಡಿಗೆ ಧಾರ್ಮಿಕ ಸ್ವಾತಂತ್ರ್ಯದ ಸನ್ನದನ್ನು 1663ರಲ್ಲಿ ಕೊಟ್ಟವನು ಎರಡನೇ ಚಾರ್ಲ್ಸ್, ಅಂದರೆ ಇಂಗ್ಲೆಂಡಿನ ಚರ್ಚಿನ ಮುಖ್ಯಸ್ಥ! ಸ್ವಂತ ದೇಶದಲ್ಲಿ ಅವನಿಗೆ ಅದು ಆಗಲಿಲ್ಲ.

ಮೊದಲನೇ ಚಾರ್ಲ್ಸ್‌ನ ತಲೆ ಹೋದದ್ದು ಧರ್ಮದಿಂದಲೋ ತೆರಿಗೆಯಿಂದಲೋ?

ಎರಡೂ ಹೆಣೆದುಕೊಂಡಿವೆ. ಅವನ ಅಪ್ಪ ಜೇಮ್ಸ್ 1604ರ ಹ್ಯಾಂಪ್ಟನ್ ಕೋರ್ಟ್ ಸಭೆಯಲ್ಲಿ "ಬಿಷಪ್ ಇಲ್ಲದಿದ್ದರೆ ರಾಜನೂ ಇಲ್ಲ" ಎಂದಿದ್ದ. ಮಗ ಅದನ್ನು ಅಕ್ಷರಶಃ ನಂಬಿದ. 1629ರಿಂದ ಹನ್ನೊಂದು ವರ್ಷ ಪಾರ್ಲಿಮೆಂಟ್ ಕರೆಯದೆ ಹಳೆಯ ಸುಂಕಗಳನ್ನು ಕೆದಕಿ ಆಡಳಿತ ನಡೆಸಿದ. ಬಿಷಪ್‌ಗಳನ್ನು ಟೀಕಿಸಿದ ವಕೀಲ ವಿಲಿಯಂ ಪ್ರಿನ್‌ನ ಕಿವಿಗಳನ್ನು 1634ರಲ್ಲಿ ಒಮ್ಮೆ ಕೊಯ್ಸಿದರು. ಉಳಿದಿದ್ದ ಚೂರನ್ನು 1637ರಲ್ಲಿ ಮತ್ತೆ ಕೊಯ್ದು ಕೆನ್ನೆಗೆ ಬರೆ ಹಾಕಿದರು. ಅದೇ ವರ್ಷ ಸ್ಕಾಟ್ಲೆಂಡಿನ ಮೇಲೆ ಇಂಗ್ಲಿಷ್ ಮಾದರಿಯ ಪ್ರಾರ್ಥನಾ ಪುಸ್ತಕ ಹೇರಿದಾಗ ಎಡಿನ್‌ಬರೋದ ಚರ್ಚಿನಲ್ಲೇ ದೊಂಬಿ ಎದ್ದಿತು. ಸ್ಕಾಟರ ಮೇಲೆ ಯುದ್ಧ, ಯುದ್ಧಕ್ಕೆ ಹಣ, ಹಣಕ್ಕೆ ಪಾರ್ಲಿಮೆಂಟ್. 1640ರಲ್ಲಿ ಸೇರಿದ ಪಾರ್ಲಿಮೆಂಟ್ ಅವನನ್ನು ಬಿಡಲಿಲ್ಲ. 1642ರಲ್ಲಿ ಅಂತರ್ಯುದ್ಧ.

1649ರ ಜನವರಿ 30ರಂದು ಅವನನ್ನು ವೈಟ್‌ಹಾಲ್‌ನ ಬ್ಯಾಂಕ್ವೆಟಿಂಗ್ ಹೌಸ್ ಮುಂದೆ ಕೊಂದರು. ಚಳಿಗೆ ನಡುಗಿದರೆ ಜನ ಹೆದರಿಕೆ ಎಂದುಕೊಂಡಾರೆಂದು ಎರಡು ಅಂಗಿ ತೊಟ್ಟಿದ್ದ. ವಧಾವೇದಿಕೆಗೆ ಅವನು ನಡೆದುಬಂದ ಆ ಭವನದ ಮೇಲ್ಛಾವಣಿಯಲ್ಲಿ, ಜೇಮ್ಸ್ ದೊರೆ ದೇವರ ಪಕ್ಕ ಏರುತ್ತಿರುವಂತೆ ರೂಬೆನ್ಸ್ ಬಿಡಿಸಿದ ಚಿತ್ರ ಇತ್ತು. ಬರೆಸಿದವನು ಚಾರ್ಲ್ಸೇ. ಮರಣಪತ್ರಕ್ಕೆ ಸಹಿ ಹಾಕಿದ 59 ಜನರಲ್ಲಿ ಮೂವರು ಮುಂದೆ ನ್ಯೂ ಇಂಗ್ಲೆಂಡಿನಲ್ಲಿ ತಲೆಮರೆಸಿಕೊಂಡರು. ನ್ಯೂ ಹೇವನ್ ನಗರದ ಮೂರು ರಸ್ತೆಗಳಿಗೆ ಇಂದಿಗೂ ವ್ಹೇಲಿ, ಗಾಫ್, ಡಿಕ್ಸ್‌ವೆಲ್ ಎಂಬ ಅವರ ಹೆಸರುಗಳಿವೆ.

ರಾಜತ್ವ ಮತ್ತೆ ಬಂದದ್ದು ಹೇಗೆ? ಕ್ಯಾಥೊಲಿಕರು ರಾಜರಾಗಬಾರದೆಂಬ ನಿಯಮ ಯಾವಾಗಿನದು?

ಅಂತರ್ಯುದ್ಧದಲ್ಲಿ ರಾಜನನ್ನು ಸೋಲಿಸಿ ಗಣರಾಜ್ಯದ ಚುಕ್ಕಾಣಿ ಹಿಡಿದಿದ್ದ ದಂಡನಾಯಕ ಕ್ರಾಮ್‌ವೆಲ್ 1658ರಲ್ಲಿ ಸತ್ತ ಮೇಲೆ ಗಣರಾಜ್ಯ ಕುಸಿದು, 1660ರಲ್ಲಿ ಮೊದಲನೇ ಚಾರ್ಲ್ಸನ ಮಗ ಎರಡನೇ ಚಾರ್ಲ್ಸ್ ಬಂದ. ಹೊಸ ಪ್ರಾರ್ಥನಾ ಪುಸ್ತಕ ಒಪ್ಪದ ಸುಮಾರು 2,000 ಪಾದ್ರಿಗಳು 1662ರ ಹೊತ್ತಿಗೆ ಕೆಲಸ ಕಳೆದುಕೊಂಡರು. ಅವನ ತಮ್ಮ ಎರಡನೇ ಜೇಮ್ಸ್ ಬಹಿರಂಗ ಕ್ಯಾಥೊಲಿಕ್. ಧಾರ್ಮಿಕ ಸಹಿಷ್ಣುತೆಯ ತನ್ನ ಘೋಷಣೆಯನ್ನು ಚರ್ಚುಗಳಲ್ಲಿ ಓದಲು ಒಪ್ಪದ ಏಳು ಬಿಷಪ್‌ಗಳನ್ನು ಕೋರ್ಟಿಗೆ ಎಳೆದ. 1688ರ ಜೂನ್ 30ರಂದು ಅವರು ಖುಲಾಸೆಯಾದರು. ಅಂದೇ ಏಳು ಪ್ರಮುಖರು ಜೇಮ್ಸನ ಪ್ರಾಟೆಸ್ಟಂಟ್ ಅಳಿಯ, ಹಾಲೆಂಡಿನ ವಿಲಿಯಮ್‌ಗೆ ಬರಹೇಳಿ ಪತ್ರ ಕಳಿಸಿದರು. ವಿಲಿಯಮ್ ಸೈನ್ಯದೊಡನೆ ಬಂದ, ಜೇಮ್ಸ್ ಫ್ರಾನ್ಸಿಗೆ ಓಡಿದ.

1689ರ ಹಕ್ಕುಗಳ ಮಸೂದೆ ಮತ್ತು 1701ರ ಉತ್ತರಾಧಿಕಾರ ಕಾಯ್ದೆಯಿಂದ ಕ್ಯಾಥೊಲಿಕರಿಗೆ ಸಿಂಹಾಸನ ಮುಚ್ಚಿತು. 1714ರಲ್ಲಿ ಐವತ್ತಕ್ಕೂ ಹೆಚ್ಚು ಹತ್ತಿರದ ಸಂಬಂಧಿಗಳನ್ನು ದಾಟಿ ಜರ್ಮನಿಯ ಹ್ಯಾನೋವರ್‌ನಿಂದ ಜಾರ್ಜ್ ಬಂದದ್ದು ಇದರಿಂದಲೇ. ಕ್ಯಾಥೊಲಿಕರನ್ನು ಮದುವೆಯಾದವರಿಗಿದ್ದ ಅಡ್ಡಿ ಮಾತ್ರ 2013ರ ಕಾಯ್ದೆಯಿಂದ ಹೋಗಿದೆ.

ಈಗಲೂ ರಾಜನೇ ಚರ್ಚಿನ ಮುಖ್ಯಸ್ಥನೆ?

ಇಂಗ್ಲೆಂಡಿನ ಮಟ್ಟಿಗೆ ಹೌದು. ಮೂರನೇ ಚಾರ್ಲ್ಸ್ 2023ರ ಮೇ 6ರ ಪಟ್ಟಾಭಿಷೇಕದಲ್ಲಿ ಆ ಚರ್ಚನ್ನು ಕಾಪಾಡುವ ಪ್ರತಿಜ್ಞೆ ಮಾಡಿದರು. 26 ಬಿಷಪ್‌ಗಳಿಗೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಸ್ಥಾನವಿದೆ. ಸ್ಕಾಟ್ಲೆಂಡಿನ ಚರ್ಚಿಗೆ ರಾಜ ಮುಖ್ಯಸ್ಥನಲ್ಲ. ವೇಲ್ಸ್‌ನಲ್ಲಿ 1920ರಲ್ಲೇ ಈ ನಂಟು ಕಳಚಿತು. ಅಮೆರಿಕದ ವಸಾಹತುಗಳಿಗೆ ಇಡೀ ಬ್ರಿಟಿಷ್ ಕಾಲದಲ್ಲಿ ಒಬ್ಬ ಆಂಗ್ಲಿಕನ್ ಬಿಷಪ್ಪನನ್ನೂ ನೇಮಿಸಲಿಲ್ಲ. ಸ್ವಾತಂತ್ರ್ಯದ ನಂತರ ಸ್ಯಾಮುಯಲ್ ಸೀಬರಿ ಬಿಷಪ್ ದೀಕ್ಷೆಗಾಗಿ ಲಂಡನ್ನಿಗೆ ಹೋದರೆ, ರಾಜನಿಗೆ ನಿಷ್ಠೆಯ ಪ್ರಮಾಣ ಮಾಡದೆ ಕೊಡಲಾಗದು ಎಂದರು. ಅವನು 1784ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ದೀಕ್ಷೆ ಪಡೆದು ಹಿಂದಿರುಗಿದ.

ಇದಕ್ಕೂ ಕರ್ನಾಟಕಕ್ಕೂ ಏನಾದರೂ ಸಂಬಂಧ ಇದೆಯೆ?

ಇದೆ. ಸನ್ನದು ಬರೆದುಕೊಟ್ಟು ವರ್ತಕರ ದುಡ್ಡಿನಲ್ಲಿ ರಾಜ್ಯ ಹಿಗ್ಗಿಸುವ ಪದ್ಧತಿ ಎರಡೂ ದಿಕ್ಕಿಗೆ ನಡೆಯಿತು. ಎಲಿಜಬೆತ್ 1600ರ ಕೊನೆಯ ದಿನ ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಕೊಟ್ಟಳು. ದುಡ್ಡಿಗೆ ಪರದಾಡುತ್ತಿದ್ದ ಮೊದಲನೇ ಚಾರ್ಲ್ಸ್, ಆ ಕಂಪನಿಯ ಬೆನ್ನ ಹಿಂದೆ ಕೋರ್ಟೀನ್ ಎಂಬ ವರ್ತಕನ ಕೂಟಕ್ಕೂ ಪರವಾನಗಿ ಕೊಟ್ಟ. ಅದರ ಹಡಗುಗಳು 1637ರಲ್ಲಿ ಭಟ್ಕಳಕ್ಕೆ ಬಂದವು. ಅದರಲ್ಲಿದ್ದ ಪೀಟರ್ ಮಂಡಿ ಘಟ್ಟ ಹತ್ತಿ ಇಕ್ಕೇರಿಯ ನಾಯಕರ ಆಸ್ಥಾನ ನೋಡಿ ಬರೆದಿಟ್ಟಿದ್ದಾನೆ. 1638ರಲ್ಲಿ ಕಾರವಾರದಲ್ಲಿ ಕೋಠಿ ತೆರೆದವರೂ ಇವರೇ.

ಇನ್ನೊಂದು ನಂಟು ಚರ್ಚಿನದು. 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತರಲು ದುಡಿದ ಜಾನ್ ಹ್ಯಾಂಡ್ಸ್, ಲಂಡನ್ ಮಿಷನ್ನಿನವರು. ಆ ಮಿಷನ್ ನಡೆದದ್ದು ಬಹುಮಟ್ಟಿಗೆ ಕಾಂಗ್ರಿಗೇಷನಲ್ ಪಂಥದವರಿಂದ, ಅಂದರೆ ಸೆಪರಟಿಸ್ಟರ ವಾರಸುದಾರರಿಂದ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್ನರು, ಕಾಂಗ್ರಿಗೇಷನಲ್, ಪ್ರೆಸ್ಬಿಟೇರಿಯನ್, ಮೆಥಡಿಸ್ಟ್ ಪಂಥದವರು ಕೂಡಿ ಚರ್ಚ್ ಆಫ್ ಸೌತ್ ಇಂಡಿಯಾ ಆಯಿತು. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕ್ಯಾಥೆಡ್ರಲ್ ಆಂಗ್ಲಿಕನ್ ಮೂಲದ್ದು, ಹಡ್ಸನ್ ವೃತ್ತದ ಕನ್ನಡ ಚರ್ಚು ವೆಸ್ಲಿಯನ್ ಮೆಥಡಿಸ್ಟರದ್ದು. ಇಂದು ಎರಡೂ ಒಂದೇ ಸಂಸ್ಥೆಯವು. ಬಿಷಪ್ ಬೇಕೋ ಬೇಡವೋ ಎಂದು ಇಂಗ್ಲೆಂಡಿನಲ್ಲಿ ಕತ್ತು ಕೊಯ್ದುಕೊಂಡವರ ಮರಿಮಕ್ಕಳು ಇಲ್ಲಿ ಬಿಷಪ್ಪನನ್ನು ಇಟ್ಟುಕೊಂಡೇ ಒಂದಾದರು.

ಒಂದೇ ಘಟನೆಗೆ ಬೇರೆಬೇರೆ ಪುಸ್ತಕದಲ್ಲಿ ಬೇರೆಬೇರೆ ದಿನಾಂಕ ಯಾಕೆ?

ಇದೂ ಪೋಪನ ಜಗಳದ ಫಲ. 1582ರಲ್ಲಿ ಪೋಪ್ ಹದಿಮೂರನೇ ಗ್ರೆಗರಿ ಪಂಚಾಂಗ ತಿದ್ದಿದ. ಪೋಪ್ ಹೇಳಿದ್ದೆಂದು ಇಂಗ್ಲೆಂಡ್ 1752ರವರೆಗೆ ಒಪ್ಪಲಿಲ್ಲ; ಆ ವರ್ಷ ಸೆಪ್ಟೆಂಬರ್ 2ರ ಮರುದಿನವೇ 14 ಬಂತು. ಅಲ್ಲಿಯವರೆಗೆ ಸರ್ಕಾರಿ ಲೆಕ್ಕದಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಹಾಗಾಗಿ ಮೇಫ್ಲವರ್ ಒಪ್ಪಂದದ ನವೆಂಬರ್ 11 ಇಂದಿನ ಲೆಕ್ಕದಲ್ಲಿ 21. ಮೊದಲನೇ ಚಾರ್ಲ್ಸ್‌ನ ಮರಣಪತ್ರದಲ್ಲಿ ವರ್ಷ 1648 ಎಂದೇ ಇದೆ. ಮೇಲಿನ ಉತ್ತರಗಳಲ್ಲಿ ಆ ಕಾಲದ ಇಂಗ್ಲಿಷರ ದಿನ-ತಿಂಗಳನ್ನೇ ಉಳಿಸಿ, ವರ್ಷವನ್ನು ಮಾತ್ರ ಜನವರಿಯಿಂದ ಎಣಿಸಿದ್ದೇನೆ.